ಡಿಮ್ಮರ್‌ಗೊಂದು ಕರಡಿಗೆ

ಗುಬ್ಬಿಯ ರಂಗಣ್ಣ ಆ ಡಿಮ್ಮರನ್ನು ನನ್ನ ಮುಂದಿನ ಬೆಂಚಿನ ಮೇಲೆ ಕುಕ್ಕಿದ ರೀತಿಗೇ ನನಗೆ ಪಿತ್ತ ನೆತ್ತಿಗೇರಿತು. ಕೊಳೆತ ಹಲಸಿನಹಣ್ಣನ್ನು ತಿಪ್ಪೆಗೆ ಹಾಕುವವರೂ ಇದಕ್ಕಿಂತ ಮರ್ಯಾದೆಯಿಂದ ಹಾಕುತ್ತಾರೆ.

"ತಗಳಪ್ಪ ಪ್ರಭು. ಗುಜರಿಗೆ ಹಾಕಣ ಅಂತಿದ್ದೆ, ನೀನು ಕೇಳ್ದೆ ಅಂತ ತಂದೆ. ಭಾನುವಾರದೊಳಗೆ ರಿಪೇರಿ ಮಾಡ್ಕಂಡ್ರೆ ವೀರಭದ್ರ ಹುಟ್ಟೋ ಸೀನು ನಿಂದು. ಆಗ್ಲಿಲ್ವಾ, ಬುಡು, ಎಂದಿನಂಗೆ ಪಟಾಕಿ ಮದ್ದು ಹಚ್ತೀನಿ."

"ಹೋದ್ ಸಲ ಪಟಾಕಿ ಮದ್ದು ಹಚ್ಚಿ ವೀರಭದ್ರನ ಮೀಸೆ ಸುಟ್ರಲ್ಲ, ಸಾಕಾಗ್ಲಿಲ್ವಾ?"

"ಅಂಟಿಸಿದ್ ಮೀಸೆ ಕಣೋ ಅದು. ಬ್ಯಾರೆ ಅಂಟಿಸಿದ್ವಿ. ಮೀಸೆಗೇನು ಬರವಾ ನಮ್ ಪೆಟ್ಟಿಗೇಲಿ?"

ನನ್ನ ಹೆಸರು ಬಸವಪ್ರಭು. ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟುಹೋದ ಪಂಪುಗಳಿಗೆ ಹೊಸ ತಂತಿ ಸುತ್ತುತ್ತೇನೆ. ಒಂಬತ್ತನೇ ಕ್ಲಾಸಿನ ನಡುವೆ ಸ್ಕೂಲಿನ ಗೇಟು ದಾಟಿ ಹೊರಗೆ ಬಂದವನು ಮತ್ತೆ ಆ ಕಡೆ ತಿರುಗಿ ನೋಡಿಲ್ಲ. ಯಾಕೆ ಎಂದು ಕೇಳುವವರ ಮೇಲೆ ಈಗಲೂ ಸಿಟ್ಟು ಬರುತ್ತದೆ, ಆದ್ದರಿಂದ ಆ ಮಾತು ಬೇಡ.

ರಂಗಣ್ಣನದು ನಾಟಕದ ಸೀನರಿ. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ಯಾವ ಕಂಪನಿಯವರೂ ಅಲ್ಲ. ಆಟೋ ಓಡಿಸುವವರು, ಹಾಲಿನ ಡೈರಿಯವರು, ತಾಲ್ಲೂಕು ಆಫೀಸಿನವರು ಸೇರಿ ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದುಕೊಂಡು, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿ ಆಡುತ್ತಾರೆ. ಪರದೆ, ಕಿರೀಟ, ಸಿಂಹಾಸನ, ಲೈಟು ಎಲ್ಲವೂ ರಂಗಣ್ಣನ ಲಾರಿಯಲ್ಲಿ ಬರುತ್ತವೆ. ಈ ಡಿಮ್ಮರು ಕೂಡ ಅದೇ ಲಾರಿಯಲ್ಲಿ ಊರೂರು ತಿರುಗಿ ಸವೆದ ಪ್ರಾಣಿ. ಒಂದು ಕಾಲದಲ್ಲಿ ಸ್ಟೇಜಿನ ಲೈಟನ್ನು ಮೆಲ್ಲಗೆ ಏರಿಸಿ ಇಳಿಸಲು ಇದೇ ಬೇಕಾಗಿತ್ತು. ಈಗ ಎಲ್‌ಇಡಿ ಬಂದಮೇಲೆ ಮೂಲೆಗೆ ಬಿದ್ದಿತ್ತು.

ನನಗೆ ಅದು ಯಾಕೆ ಬೇಕಿತ್ತು ಎಂದರೆ, ನನ್ನ ಹತ್ತಿರ ಒಂದು ಮಿಂಚು ಇದೆ. ಸುಳ್ಳಲ್ಲ. ಲಾಡ್ಜೊಂದು ಕಿತ್ತು ಬಿಸಾಡಿದ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರು, ಬೋರ್‌ವೆಲ್ಲಿನ ಪ್ಲಾಸ್ಟಿಕ್ ಪೈಪಿನ ಮೇಲೆ ನಾನೇ ಕೈಯಾರೆ ಸುತ್ತಿದ ಕೂದಲೆಳೆ ತಂತಿ, ತುದಿಗೆ ಮಗುಚಿ ಕೂರಿಸಿದ ಎರಡು ಸ್ಟೀಲು ಬೋಸಿ. ಟೆಸ್ಲಾ ಕಾಯಿಲ್ ಎನ್ನುತ್ತಾರೆ. ಕರೆಂಟು ಕೊಟ್ಟರೆ ಬೋಸಿಯ ತುದಿಯಿಂದ ನೇರಳೆ ಬಣ್ಣದ ಕಿಡಿಗಳು ಗಾಳಿಗೆ ಚಾಚುತ್ತವೆ, ಅಬ್ಬರಿಸುತ್ತವೆ, ಮೊಳದುದ್ದಕ್ಕೆ ಕವಲೊಡೆಯುತ್ತವೆ. ಆದರೆ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಮೊದಲ ಏಟಿಗೇ ಪೂರ್ತಿ ಒತ್ತಡ ನುಗ್ಗುತ್ತದೆ. ಒಂದೇ ಒಂದು 'ಢಮ್', ಆಮೇಲೆ ಬೀದಿಗೆಲ್ಲ ಕತ್ತಲೆ, ಆಮೇಲೆ ಪಕ್ಕದ ಮನೆಯವರ ಸಹಸ್ರನಾಮ. ಅದನ್ನು ಸೊನ್ನೆಯಿಂದ ನಿಧಾನವಾಗಿ ಎಬ್ಬಿಸಬೇಕು. ನಲ್ಲಿ ತಿರುಗಿಸಿದ ಹಾಗೆ ಕರೆಂಟನ್ನು ಬೇಕಾದಷ್ಟೇ ಬಿಡುವ ಟ್ರಾನ್ಸ್‌ಫಾರ್ಮರು ಬೇಕು. ಅದೇ ಡಿಮ್ಮರು.

ಊರಿನವರೆಲ್ಲ ಇದುವರೆಗೆ ನನಗೆ ಹೇಳಿದ್ದು ಒಂದೇ ಮಾತು: ನಿಲ್ಲಿಸು. ಅದನ್ನು ನಿಲ್ಲಿಸು, ಟಿವಿ ಬರಲ್ಲ. ನಿಲ್ಲಿಸು, ಮನೆ ಸುಡ್ತೀಯ. ನಿಲ್ಲಿಸು, ಯಾವನಿಗೆ ಬೇಕು. ಮೊದಲ ಸಲ ಒಬ್ಬ ಮನುಷ್ಯ 'ನಿನ್ನ ಮಿಂಚು ನಮ್ಮ ಸ್ಟೇಜಿಗೆ ಕೊಡು' ಎಂದಿದ್ದ. ಅದೂ ಯಾವ ಸೀನಿಗೆ? ದಕ್ಷ ಮಾಡಿದ ಅವಮಾನಕ್ಕೆ ಶಿವ ತನ್ನ ಜಟೆ ಕಿತ್ತು ಬಂಡೆಗೆ ಬಡಿದು, ಆ ಸಿಟ್ಟಿನಿಂದಲೇ ವೀರಭದ್ರ ಎದ್ದು ಬರುವ ಸೀನಿಗೆ. ಸಿಟ್ಟಿನಿಂದ ಒಂದು ಕೆಲಸಕ್ಕೆ ಬರುವಂಥದ್ದು ಹುಟ್ಟಿದ ಕಥೆ ನನಗೆ ಗೊತ್ತಿರುವುದು ಇದೊಂದೇ. ಆ ಜಟೆ ನನ್ನದೇ ಆಗಬೇಕು ಎಂದು ತೀರ್ಮಾನ ಮಾಡಿಬಿಟ್ಟೆ.

ಸಂಜೆ ಡಿಮ್ಮರನ್ನು ಮನೆಗೆ ಹೊತ್ತು ತಂದು ನಡುಮನೆಯಲ್ಲಿ ಬಿಚ್ಚಿದೆ. ಮೇಲಿನ ಮುಚ್ಚಳ ಯಾವುದೋ ಕಾಲದಲ್ಲೇ ಕಳೆದುಹೋಗಿತ್ತು. ಒಳಗೆ ಬಳೆಯಂಥ ಕಬ್ಬಿಣಕ್ಕೆ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿತ್ತು. ತಂತಿಯ ಮೇಲ್ಮುಖವನ್ನು ಕೆರೆದು ತಾಮ್ರ ಹೊಳೆಯುವ ಹಾಗೆ ಒಂದು ದಾರಿ ಮಾಡಿರುತ್ತಾರೆ. ಗುಂಡಿ ತಿರುಗಿಸಿದಾಗ ಒಂದು ಚೂರು ಕಾರ್ಬನ್ನು ಆ ದಾರಿಯ ಮೇಲೆ ಸುತ್ತು ಹಾಕುತ್ತದೆ. ಎಲ್ಲಿ ನಿಂತರೆ ಅಷ್ಟು ಕರೆಂಟು. ಇಲ್ಲಿ ಕಾರ್ಬನ್ನು ಸವೆದು ಸವೆದು ಅಕ್ಕಿನುಚ್ಚಿನಷ್ಟು ಉಳಿದಿತ್ತು. ದಾರಿಯಲ್ಲಿ ಅಲ್ಲಲ್ಲಿ ಕಪ್ಪು ಗುಳಿ. ಎಲ್ಲಕ್ಕಿಂತ ನನ್ನ ರಕ್ತ ಕುದಿಸಿದ್ದು, ಸುತ್ತುಗಳ ನಡುವೆ ಗಾರೆ ಮೆತ್ತಿದ ಹಾಗೆ ಕೂತಿದ್ದ ಬಿಳಿ ಮಡ್ಡಿ. ಮಧ್ಯೆ ಮಧ್ಯೆ ಹಳದಿ, ಕೆಂಪು.

"ಯಾವ ಬೇವರ್ಸಿ ಇದಕ್ಕೆ ಸುಣ್ಣ ಬಳ್ದವ್ನೆ?" ಎಂದು ಕಿರುಚಿದೆ.

ಅಡುಗೆಮನೆಯಿಂದ ನಮ್ಮವ್ವ ಸರ್ವಮಂಗಳ ಇಣುಕಿದಳು. "ಬಾಯಿ ತೊಳ್ಕಳೋ ಮೊದ್ಲು. ದೀಪ ಹಚ್ಚೋ ಹೊತ್ನಲ್ಲಿ ಎಂಥ ಮಾತು."

ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ಟು ಹಾಕಿ ತಿಕ್ಕತೊಡಗಿದೆ. ಮಡ್ಡಿ ನೆನೆದ ತಕ್ಷಣ ಒಂದು ವಾಸನೆ ಎದ್ದಿತು. ಅವ್ವ ಸೆರಗು ಕೊಡವಿಕೊಂಡು ಹತ್ತಿರ ಬಂದು ಬಗ್ಗಿ ಮೂಸಿದಳು.

"ಇದು ಸುಣ್ಣ ಅಲ್ಲ ಕಣೋ. ವಿಭೂತಿ. ಅರಿಶಿನ ಕುಂಕುಮಾನೂ ಐತೆ. ಪೂಜೆ ಮಾಡವ್ರೆ."

ಪೂಜೆ! ಆಗ ಹೊಳೆಯಿತು. ನಾಟಕ ಶುರುವಾಗುವ ಮೊದಲು ರಂಗಪೂಜೆ ಮಾಡುತ್ತಾರಲ್ಲ, ಹಾರ್ಮೋನಿಯಂ, ತಬಲ, ತ್ರಿಶೂಲದ ಜೊತೆಗೆ ಈ ಬಡಪಾಯಿಗೂ ಬಳಿದಿದ್ದಾರೆ. ಮುಚ್ಚಳ ಇಲ್ಲ, ತಾಮ್ರದ ಬಳೆ ಪ್ರಭಾವಳಿಯ ಹಾಗೆ ಹೊಳೆಯುತ್ತಿದೆ, ಅಲ್ಲಿಗೇ ಒದ್ದೆ ಬೆರಳಿನಲ್ಲಿ ಮೂರು ಪಟ್ಟೆ. ನಾಟಕಕ್ಕೊಂದು ಸಲ. ವಿಭೂತಿ ಎಂದರೆ ಬೂದಿ. ಬೂದಿ ಎಂದರೆ ಅವ್ವ ಹಿತ್ತಾಳೆ ತಿಕ್ಕುವ ಪುಡಿ. ಕಾರ್ಬನ್ನು ಅದರ ಮೇಲೆ ಓಡಾಡಿ ಸೀಮೆಸುಣ್ಣದ ಹಾಗೆ ತೇಯ್ದುಹೋಗಿತ್ತು. ತೇವ ಕುಡಿದ ಬೂದಿ ಸುತ್ತಿಂದ ಸುತ್ತಿಗೆ ಕರೆಂಟನ್ನು ಕಳ್ಳದಾರಿಯಲ್ಲಿ ದಾಟಿಸಿ ಗುಳಿ ಬೀಳಿಸಿತ್ತು.

"ಭಕ್ತಿಯಿಂದ ಕೊಂದವ್ರೆ!" ಎಂದೆ.

"ಸಾಯಿಸ್ಬೇಕು ಅಂತ ಯಾರಾದ್ರೂ ವಿಭೂತಿ ಬಳೀತಾರೇನೋ?" ಎಂದು ಅವ್ವ ಒಳಗೆ ಹೋದಳು.

ಮಡ್ಡಿ ಬಿಡಿಸುವುದರಲ್ಲೇ ಎರಡು ಸಂಜೆ ಹೋಯಿತು. ಗುಳಿ ಬಿದ್ದ ಕಡೆ ನಯವಾದ ಉಪ್ಪುಕಾಗದದಿಂದ ಸಮ ಮಾಡಿದೆ. ಇನ್ನು ಕಾರ್ಬನ್ನು. ಮಿಕ್ಸಿಯ ಕಾರ್ಬನ್ನು ಚಿಕ್ಕದು, ಹಿಡಿಕೆಯಲ್ಲಿ ನಿಲ್ಲಲಿಲ್ಲ. ಅಂಗಡಿಯಲ್ಲಿ ಆಟೋದ ಸೆಲ್ಫ್ ಮೋಟಾರಿನ ಕಾರ್ಬನ್ನು ಬಿದ್ದಿತ್ತು. ಗಟ್ಟಿ ಮಾಲು, ಅಳತೆಯೂ ಹೇಳಿ ಮಾಡಿಸಿದ ಹಾಗೆ. ತಂದು ಕೂರಿಸಿದೆ. ವೈಂಡಿಂಗ್ ಅಂಗಡಿಯವರು ಯಾವುದಕ್ಕೂ ನೇರ ಕರೆಂಟು ಕೊಡುವುದಿಲ್ಲ; ದಾರಿಯಲ್ಲಿ ಒಂದು ಬಲ್ಬು ಕಾವಲಿಗೆ ಇಡುತ್ತೇವೆ. ಸಾಮಾನು ಸರಿಯಿದ್ದರೆ ಬಲ್ಬು ಮಂಕಾಗಿರುತ್ತದೆ, ಒಳಗೆ ಶಾರ್ಟ್ ಆಗಿದ್ದರೆ ಉರಿಯುತ್ತದೆ. ಸ್ವಿಚ್ಚು ಹಾಕಿದೆ. ಬಲ್ಬು ಮದುವೆ ಮನೆಯ ಹಾಗೆ ಝಗ್ಗೆಂದಿತು. ಡಿಮ್ಮರು ಗೊರಗೊರ ಎಂದಿತು, ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಸ್ವಿಚ್ಚು ಆರಿಸಿ ಪಕ್ಕದಲ್ಲಿದ್ದ ಬಕೆಟ್ಟನ್ನು ಒದ್ದೆ. ವೈಂಡಿಂಗೇ ಸತ್ತಿದೆ, ಭಾನುವಾರವೂ ಸತ್ತಿತು, ಜಟೆಯೂ ಸತ್ತಿತು.

ಅದೇ ಹೊತ್ತಿಗೆ ನನ್ನ ತಂಗಿ ಪಲ್ಲವಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅವಳು ಡಿಪ್ಲೊಮಾ ಮುಗಿಸಿ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಉರುಳುತ್ತಿದ್ದ ಬಕೆಟ್ಟನ್ನು ಕಾಲಲ್ಲೇ ನಿಲ್ಲಿಸಿ ಕೇಳಿದಳು, "ಇವತ್ತು ಬಕೆಟ್ ಏನ್ ತಪ್ಪು ಮಾಡ್ತು?"

"ನಿನ್ ಕೆಲ್ಸ ನೋಡ್ಕೋ."

"ಕಾರ್ಬನ್ ಎತ್ತಿ ಹಿಡ್ದು ಸ್ವಿಚ್ ಹಾಕ್ದಾ?"

"ಯಾಕೆ?"

"ಎತ್ತಿ ನೋಡಣ್ಣ. ಬೈಯೋದು ಆಮೇಲೆ ಬೈಯುವಂತೆ."

ಪ್ಲಗ್ಗು ಕಿತ್ತು, ಕಾರ್ಬನ್ನಿನ ಕೈಯನ್ನು ಮೇಲೆತ್ತಿ ಕೆಳಗೆ ರಟ್ಟಿನ ಚೂರು ಸಿಕ್ಕಿಸಿ, ಮತ್ತೆ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದೆ. ಬಲ್ಬು ಮಂಕಾಯಿತು. ಡಿಮ್ಮರು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರ್ ಎನ್ನುತ್ತ ಕೂತಿತು. ವೈಂಡಿಂಗ್ ಬದುಕಿತ್ತು.

"ನೀನು ಹಾಕಿರೋದ್ರಲ್ಲಿ ತಾಮ್ರ ಬೆರೆಸಿದ್ದಾರೆ, ನೋಡು, ಕೆಂಪಗಿದೆ," ಎಂದಳು ಪಲ್ಲವಿ. "ಅದು ಯಾವತ್ತೂ ಒಂದೇ ಸುತ್ತಿನ ಮೇಲೆ ನಿಲ್ಲಲ್ಲ. ಒಂದು ಕಾಲು ಈ ಸುತ್ತಿನ ಮೇಲೆ, ಇನ್ನೊಂದು ಕಾಲು ಪಕ್ಕದ್ದರ ಮೇಲೆ. ತಾಮ್ರ ಇದ್ರೆ ಆ ಎರಡೂ ಸುತ್ತು ಶಾರ್ಟ್ ಆಗೋಯ್ತು. ಇದಕ್ಕೆ ಬರೀ ಕಾರ್ಬನ್ ಬೇಕು. ಕರೆಂಟನ್ನ ಸ್ವಲ್ಪ ತಡೆದು ತಡೆದು ಬಿಡೋವಂಥದ್ದು."

"ಡಿಪ್ಲೊಮಾದಲ್ಲಿ ಹೇಳ್ಕೊಟ್ರಾ?" ಎಂದೆ. ಮಾತಿನಲ್ಲಿ ಇದ್ದ ಮೆಣಸಿನಕಾಯಿ ನನಗೇ ಖಾರವಾಯಿತು.

"ಹೂಂ, ಹೇಳ್ಕೊಟ್ರು. ನಿಂಗೂ ಹೇಳ್ಕೊಡ್ತಿದ್ರು. ನೀನು ಮೇಷ್ಟ್ರ ಮೇಲೆ ಸಿಟ್ಟು ಮಾಡ್ಕೊಂಡು ಎದ್ದೋದೆ. ಕರೆಂಟ್ ಮೇಷ್ಟ್ರಲ್ಲ ಕಣಣ್ಣ, ನೀನು ಸಿಟ್ಟು ಮಾಡ್ಕೊಂಡ್ರೆ ಅದಕ್ಕೇನೂ ಆಗಲ್ಲ."

ಇನ್ನೊಬ್ಬರು ಯಾರಾದರೂ ಆಗಿದ್ದರೆ ಅವತ್ತು ಜಗಳ ಆಗುತ್ತಿತ್ತು. ಆದರೆ ಅವಳು ಹೇಳಿದ್ದು ಸರಿ ಇತ್ತು. ಸರಿ ಇರುವ ಮಾತಿನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಿಕೊಂಡು ಕೂರುವುದು? ಕೂತು ಯೋಚಿಸಿದೆ. ಬರೀ ಕಾರ್ಬನ್ನು. ತಾಮ್ರ ಇಲ್ಲದ್ದು. ಚಿಕ್ಕವರಿದ್ದಾಗ ರಸ್ತೆಯಲ್ಲಿ ಕ್ರಿಕೆಟ್ಟಿಗೆ ಗೆರೆ ಹಾಕುತ್ತಿದ್ದೆವಲ್ಲ, ಬ್ಯಾಟರಿ ಶೆಲ್ಲು ಒಡೆದು ಒಳಗಿನ ಕಪ್ಪು ಕಡ್ಡಿ ತೆಗೆದು...

"ಅವ್ವಾ, ಹಳೇ ಬ್ಯಾಟ್ರಿ ಎಲ್ಲೈತೆ?"

ಅಟ್ಟದ ಮೇಲಿಂದ ತುಕ್ಕು ಹಿಡಿದ ಬ್ಯಾಟರಿ ಟಾರ್ಚು ಇಳಿಯಿತು. ಅದರ ಹೊಟ್ಟೆಯಲ್ಲಿ ಎರಡು ದಪ್ಪ ಶೆಲ್ಲು. ಒಡೆದು ಕಡ್ಡಿ ತೆಗೆದು ತೊಳೆದು ಒಣಗಿಸಿದೆವು. ಪಲ್ಲವಿ ಅಳತೆ ಹಿಡಿದಳು, ನಾನು ಅರ ಹಾಕಿದೆ. ಉಜ್ಜಿ ಉಜ್ಜಿ ಇಬ್ಬರ ಮೂಗೂ ಇದ್ದಿಲು ಮಾರುವವರ ಹಾಗಾಯಿತು. ಕೊನೆಗೆ ತಾಮ್ರದ ದಾರಿಯ ಮೇಲೆ ಉಪ್ಪುಕಾಗದವನ್ನು ಅಂಗಾತ ಹಾಸಿ, ಹೊಸ ಕಾರ್ಬನ್ನನ್ನು ಅದರ ಮೇಲೆ ಹಿಂದೆ ಮುಂದೆ ಆಡಿಸಿದೆ. ಹೊಸ ಚಪ್ಪಲಿ ಕಾಲಿಗೆ ಹೊಂದಿಕೊಳ್ಳುವ ಹಾಗೆ ಅದರ ತಳ ದಾರಿಗೆ ಹೊಂದಿಕೊಂಡಿತು. ಕಾಗದ ತೆಗೆದು, ಪುಡಿ ಊದಿ, ಸ್ವಿಚ್ಚು ಹಾಕಿದೆ. ಕಾವಲಿನ ಬಲ್ಬು ಮಂಕು. ಡಿಮ್ಮರಿನ ಆ ತುದಿಗೆ ಇನ್ನೊಂದು ಬಲ್ಬು ಕಟ್ಟಿ ಗುಂಡಿ ತಿರುಗಿಸಿದೆ. ಮೊದಲು ಬಲ್ಬಿನ ತಂತಿ ಕೆಂಪಾಯಿತು, ಆಮೇಲೆ ಹಳದಿ, ಆಮೇಲೆ ಬಿಳಿ. ಎಲ್ಲಿಯೂ ಒಂದು ಮಿಣುಕು ಇಲ್ಲ, ಒಂದು ಜಿಗಿತ ಇಲ್ಲ.

"ಸೂರ್ಯ ಹುಟ್ದಂಗೈತೆ," ಎಂದಳು ಅವ್ವ.

ಖುಷಿ ಆಗಲೇ ಬೇಕಿತ್ತು. ಆಗಲಿಲ್ಲ. ಭಾನುವಾರ ರಂಗಪೂಜೆ ಇದ್ದೇ ಇದೆಯಲ್ಲ! ರಂಗಣ್ಣನಿಗೆ ಫೋನು ಹಾಕಿ ಕೇಳಿದೆ, ಡಿಮ್ಮರಿಗೆ ವಿಭೂತಿ ಇಡುವವರು ಯಾರು ಎಂದು.

"ಇನ್ಯಾರು? ಕುಣಿಗಲ್ ಪರಮಶಿವಯ್ಯನೋರು. ವೀರಭದ್ರನ ಪಾರ್ಟು ಅವ್ರದೇ ತಾನೆ."

"ಈ ಸಲ ಇಡಬೇಡಿ ಅಂತ ಹೇಳಿ."

"ನೀನೇ ಹೇಳಪ್ಪ. ಅವ್ರ ಹತ್ರ ನಾನು ಹೇಳಲ್ಲ. ಅದಿಡದೆ ಅವ್ರು ಬಣ್ಣ ಹಚ್ಚಲ್ಲ."

ಮರುದಿನ ಯಜಮಾನರಿಗೆ ಹೇಳಿ ಮಧ್ಯಾಹ್ನ ಅಂಗಡಿಯಿಂದ ಎದ್ದು ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಪರಮಶಿವಯ್ಯನವರ ಮನೆಯಲ್ಲಿ ಕೇಳಿದರೆ 'ಕೆರೆ ಏರಿ ಮೇಲೆ ಇರ್ತಾರೆ, ಸದ್ದು ಕೇಳ್ಕೊಂಡು ಹೋಗಿ' ಎಂದರು. ಹೌದು, ಸದ್ದು ಕೇಳಿಸಿತು. ಅಷ್ಟು ದೊಡ್ಡ ಕೆರೆಗೆ ಮುಖ ಮಾಡಿ, ಪಂಚೆ ಎತ್ತಿ ಕಟ್ಟಿ, ಒಬ್ಬರು ಆಜಾನುಬಾಹು ಮನುಷ್ಯ ನಿಂತು ನೀರಿನ ಮೇಲೆ ಅಬ್ಬರಿಸುತ್ತಿದ್ದರು. "ಎಲವೋ ದಕ್ಷಾ!" ಎಂದರೆ ಅಂಚಿನಲ್ಲಿದ್ದ ಬೆಳ್ಳಕ್ಕಿಗಳು ಎದ್ದು ಹಾರುತ್ತಿದ್ದವು. ಹಕ್ಕಿ ಎದ್ದರೆ ದನಿ ಸರಿಯಾಗಿದೆ, ಕೂತೇ ಇದ್ದರೆ ಇನ್ನೂ ಬೇಕು. ಅದೇ ಅವರ ತಾಲೀಮು. ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಂಡು ರಿಟೈರಾದವರು.

"ಅಯ್ನೋರೇ, ನಿಮ್ ವಿಭೂತಿ ನನ್ ಡಿಮ್ಮರನ್ನ ತಿಂದ್ಹಾಕೈತೆ," ಎಂದೆ, ಮುಖಕ್ಕೆ ಮುಖ ಕೊಟ್ಟು.

"ಯಾರ್ಲಾ ನೀನು?"

"ತುಮಕೂರಿನ ಪ್ರಭು. ಭಾನುವಾರ ನಿಮ್ ಬೆನ್ನ ಹಿಂದೆ ಜಟೆ ಬಿಡೋನು. ನೀವು ಅದರ ಮೇಲೆ ಮೂರು ಬೆರಳು ಎಳೆದ್ರೆ ಜಟೆ ಬರಲ್ಲ, ಬೂದಿ ಬರ್ತದೆ."

ಅವರಿಗೂ ಸಿಟ್ಟು ಬರಲಿ, ಬೈಯಲಿ, ನಾನೂ ಬಸ್ಸಿನಲ್ಲಿ ಜೋಡಿಸಿದ್ದನ್ನೆಲ್ಲ ಬಿಚ್ಚೋಣ ಎಂದು ಕಾದೆ. ಅವರು ಪಂಚೆ ಇಳಿಸಿಕೊಂಡು ಏರಿಯ ಕಲ್ಲಿನ ಮೇಲೆ ಕೂತರು. ಪಕ್ಕದ ಕಲ್ಲು ತೋರಿಸಿದರು.

"ಕೂತ್ಕೊ. ಆ ಡಬ್ಬದ ಪಕ್ಕ ಈ ಸಲ ಕೂರೋನು ನೀನೇನಾ?"

"ಹೂಂ."

"ನಾನು ಮೊದಲನೇ ಸಲ ವೀರಭದ್ರ ಮಾಡ್ದಾಗ ಅಲ್ಲೊಬ್ಬ ಕೂತಿದ್ದ. ನಿನ್ ವಯಸ್ಸೇ. ನಾನು ಸ್ಟೇಜ್ ಮಧ್ಯೆ ಕತ್ತಿ ಎತ್ತಿದೀನಿ, ಸೈಡಲ್ಲಿ ಅವನಿಗೆ ಕರೆಂಟ್ ಹಿಡ್ಕಂತು. ನಂಗೆ ಕಾಣ್ತೈತೆ. ಜನಕ್ಕೆ ಕಾಣಲ್ಲ. ಜನ ನಂಗೆ ಶಿಳ್ಳೆ ಹೊಡೀತಾವ್ರೆ, ಅವ್ನು ಅಲ್ಲಿ ಒದ್ದಾಡ್ತಾವ್ನೆ. ಯಾರೋ ಪ್ಲಗ್ ಕಿತ್ರು, ಬದುಕ್ದ. ಈಗ್ಲೂ ಚೆನ್ನಾಗವ್ನೆ ಅನ್ನು. ಆದ್ರೆ ನಾನು? ವೀರಭದ್ರ! ಊರೇ ಕೈ ಮುಗೀತಿತ್ತು, ನನ್ ಕೈಲಿ ಏನ್ ಮಾಡಕ್ಕಾಯ್ತು?"

ಬೆಳ್ಳಕ್ಕಿಗಳು ಒಂದೊಂದಾಗಿ ಮತ್ತೆ ನೀರಿಗೆ ಇಳಿದವು.

"ಕುದುರೆ ಒದೆಯೋಕ್ ಮುಂಚೆ ಕಿವಿ ಹಿಂದಕ್ಕೆ ಮಡಿಸ್ತದೆ. ಹುಷಾರಾಗು ಅಂತ ಹೇಳೇ ಒದೀತದೆ. ನಿಮ್ ಕರೆಂಟು ಏನ್ ಹೇಳ್ತದೆ? ಅವತ್ತಿಂದ ಅದಕ್ಕೆ ವಿಭೂತಿ ಇಟ್ಟು, ಪಕ್ಕ ಕೂರೋನಿಗೆ ಏನೂ ಆಗ್ದೇ ಇರ್ಲಿ ತಂದೆ ಅಂತ ಬೇಡ್ಕಂಡೇ ನಾನು ಬಣ್ಣ ಹಚ್ಚೋದು. ನೀನು ಬ್ಯಾಡ ಅಂದ್ರೆ... ಇಲ್ಲ ಮಗ, ನನ್ ಕೈಲಾಗಲ್ಲ."

ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಇಷ್ಟು ವರ್ಷ ಆ ಮೂರು ಪಟ್ಟೆ ಎಳೆದದ್ದು ನನ್ನಂಥವನಿಗಾಗಿಯೇ. ಡಿಮ್ಮರನ್ನು ಹಾಳು ಮಾಡಿದ್ದೂ ಅದೇ. ಯಾರ ಮೇಲೆ ಸಿಟ್ಟಾಗಬೇಕು? ಸಿಟ್ಟು ಇತ್ತು, ಇಳಿಸಲು ಜಾಗ ಸಿಗಲಿಲ್ಲ. ವಾಪಸು ಬಸ್ಸಿನಲ್ಲಿ ಅದನ್ನು ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡು ಬಂದೆ.

"ಅವ್ರು ಬಿಡಲ್ಲ ಅಂತಾರೆ, ಇದು ತಡೆಯಲ್ಲ," ಎಂದು ಅವ್ವನ ಮುಂದೆ ಡಿಮ್ಮರು ತೋರಿಸಿದೆ. "ರಂಗಣ್ಣ ಪಟಾಕಿ ಮದ್ದೇ ಹಚ್ಕೊಳ್ಲಿ. ನಾನು ಹೋಗಲ್ಲ."

ಅವ್ವ ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಕೊರಳಿನ ದಾರ ಎಳೆದು, ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಹೊರಗೆ ತೆಗೆದು ಉಗುರಿನಿಂದ ಟಣ್ ಎನ್ನಿಸಿದಳು.

"ಇದ್ರೊಳಗೆ ಏನೈತೆ?"

"ಲಿಂಗ."

"ಅದನ್ನ ಬರಿಮೈಲಿ ಕಟ್ಕಂಡು ಓಡಾಡ್ತೀನಾ? ಒಗ್ಗರಣೆ ಸಿಡೀತದೆ, ಬೆವರು ಹತ್ತುತದೆ, ಅದಕ್ಕೇ ಕರಡಿಗೆ. ನಿನ್ ದೇವರನ್ನ ಬತ್ತಲೆ ಇಟ್ಟು, ಮುಟ್ದೋರ್ನೆಲ್ಲ ಬೈತಾ ಕೂತಿದೀಯ. ಅದಕ್ಕೂ ಒಂದು ಕರಡಿಗೆ ಮಾಡ್ಸೋ ದಡ್ಡ."

ಪಲ್ಲವಿ ಪಕ್ಕೆ ಹಿಡಿದುಕೊಂಡು ನಕ್ಕಳು. ನಾನು ಎದ್ದು ಅಡುಗೆಮನೆ ಶೋಧಿಸತೊಡಗಿದೆ. ಸ್ಟೀಲು ಬೇಡ, ಕರೆಂಟಿನ ಹತ್ತಿರ ಲೋಹ ಬೇಡ. ಪೂರ್ತಿ ಮುಚ್ಚಿದ ಡಬ್ಬಿಯೂ ಬೇಡ, ಬಿಸಿ ಹೊರಗೆ ಹೋಗಬೇಕು. ಆಗ ಕಂಡಿತು ಈರುಳ್ಳಿ ಬುಟ್ಟಿ. ಗಟ್ಟಿ ಪ್ಲಾಸ್ಟಿಕ್ಕು, ಸುತ್ತ ತೂತು, ತಳ ಮಾತ್ರ ಪೂರ್ತಿ ಗಟ್ಟಿ. ಮಗುಚಿ ಹಾಕಿದರೆ ಮೇಲೆ ವಿಭೂತಿಗೆ ಜಾಗ, ಪಕ್ಕದಲ್ಲಿ ಗಾಳಿಗೆ ದಾರಿ, ಒಂದು ತೂತು ದೊಡ್ಡದು ಮಾಡಿದರೆ ಗುಂಡಿಯೂ ಹೊರಗೆ.

"ಹೊಸಾದು ಕಣೋ ಅದು!" ಎಂದು ಅವ್ವ ಕೂಗುವುದರೊಳಗೆ ಈರುಳ್ಳಿ ನೆಲದ ಮೇಲಿತ್ತು.

ಭಾನುವಾರ ಗುಬ್ಬಿಯ ಸಮುದಾಯ ಭವನದಲ್ಲಿ ನಾಟಕ ಬೆಳಿಗ್ಗೆಯೇ ಶುರು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಕೈಲಾಸದ ಬಂಡೆಯ ಹಿಂದೆ, ಯಾರ ಕೈಗೂ ಎಟುಕದಷ್ಟು ದೂರಕ್ಕೆ ಕಾಯಿಲನ್ನು ನಿಲ್ಲಿಸಿ, ಸುತ್ತ ಕೋಳಿಗೂಡಿನ ಜಾಲರಿ ಕಟ್ಟಿ ಅರ್ಥ್ ಕೊಟ್ಟೆ. ಪಲ್ಲವಿ ಪ್ಲಗ್ಗಿನ ಪಕ್ಕ ನಿಂತಳು. ಏನಾದರೂ ಆದರೆ ಕೀಳುವುದು ಅವಳ ಕೆಲಸ. ಮೈಕಿನವನಿಗೆ, ಜಟೆ ಬಿಡುವಾಗ ಮೈಕು ಆಫ್ ಮಾಡು, ಇಲ್ಲದಿದ್ದರೆ ಅದು ಕಿರುಚುತ್ತದೆ ಎಂದು ಹೇಳಿಟ್ಟೆ. ರಂಗಣ್ಣ ಮಾತ್ರ ಪಟಾಕಿ ಮದ್ದಿನ ಡಬ್ಬ ಬಗಲಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ.

"ಅದ್ಯಾಕೆ ರಂಗಣ್ಣ?"

"ಇರ್ಲಿ ಬುಡು, ಮಗು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬಾರದು ಅಂತಾರೆ."

ರಂಗಪೂಜೆಯ ಗಂಟೆ ಬಾರಿಸಿದರು. ಪರಮಶಿವಯ್ಯನವರು ಬರಿಮೈಯಲ್ಲಿ, ಮುಖಕ್ಕೆ ಇನ್ನೂ ಬಣ್ಣ ಹಚ್ಚದೆ, ತಟ್ಟೆ ಹಿಡಿದು ಬಂದರು. ಹಾರ್ಮೋನಿಯಂಗೆ ಆಯಿತು, ತಬಲಕ್ಕೆ ಆಯಿತು, ತ್ರಿಶೂಲಕ್ಕೆ ಆಯಿತು. ಮೂರು ಬೆರಳನ್ನು ನೀರಿಗೆ ಅದ್ದಿ, ವಿಭೂತಿಗೆ ಒತ್ತಿ, ನನ್ನ ಕಡೆ ತಿರುಗಿದವರು ನಿಂತುಬಿಟ್ಟರು.

"ಇದೇನ್ಲಾ ಇದು, ಈರುಳ್ಳಿ ಬುಟ್ಟಿ?"

ಸುತ್ತ ನಿಂತಿದ್ದ ದೇವತೆಗಳು, ರಾಕ್ಷಸರು, ದಕ್ಷನ ಮಂತ್ರಿ ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಪಲ್ಲವಿ ಹಿಂದಿನಿಂದ ಅಂಗಿ ಎಳೆದಳು. ಉಸಿರು ಬಿಟ್ಟು ಹೇಳಿದೆ, "ಕರಡಿಗೆ, ಅಯ್ನೋರೇ."

ನಗು ನಿಂತಿತು.

"ಮೇಲೆ ಇಟ್ರೆ ಒಳಗಿನದಕ್ಕೆ ಮುಟ್ತದಾ?" ಎಂದರು ಅವರು. ಅಣಕವಲ್ಲ, ನಿಜವಾಗಿಯೂ ಕೇಳುತ್ತಿದ್ದರು. ರಂಗಣ್ಣ ಬಗಲಿನ ಡಬ್ಬವನ್ನು ಕೈಗೆ ತೆಗೆದುಕೊಂಡ.

"ಪಕ್ಕ ಕೂರೋನಿಗೆ ಏನೂ ಆಗ್ಬಾರ್ದು ಅಂತ ತಾನೆ ನೀವು ಬೇಡ್ಕೊಂಡಿದ್ದು?" ಎಂದೆ. "ಇದು ಮುಚ್ಚಿದ್ ಮೇಲೆ ಒಳಗಿನ ಕರೆಂಟ್ ಯಾರ ಕೈಗೂ ಸಿಗಲ್ಲ. ಮುಟ್ಟಿ ನೋಡಿ ಬೇಕಾದ್ರೆ. ನೀವು ಬೇಡಿದ್ದು ಬಂದೈತೆ ಅಯ್ನೋರೇ. ಬುಟ್ಟಿ ರೂಪದಲ್ಲಿ ಬಂದೈತೆ, ಅಷ್ಟೇ."

ಮುಂದಿನ ಸಾಲಿನಲ್ಲಿ ಕೂರಬೇಕಾದ ನಮ್ಮವ್ವ ಯಾವಾಗ ಸ್ಟೇಜಿನ ಹಿಂದಕ್ಕೆ ಬಂದಿದ್ದಳೋ, ಅಲ್ಲಿಂದಲೇ ದನಿ ಹಾಕಿದಳು. "ಕರಡಿಗೆ ಮೇಲೆ ಕೈ ಇಟ್ಟು ನೆನೆಸ್ಕಂಡ್ರೆ ಲಿಂಗಕ್ಕೆ ಕೇಳ್ಸಲ್ವಾ, ಸ್ವಾಮಿ?"

ಪರಮಶಿವಯ್ಯನವರು ಬಗ್ಗಿ ಬುಟ್ಟಿಯನ್ನು ಅಂಗೈಯಿಂದ ತಟ್ಟಿ ನೋಡಿದರು, ಹೊಸ ಕುದುರೆಯ ಕುತ್ತಿಗೆ ತಟ್ಟುವ ಹಾಗೆ. ಆಮೇಲೆ ಮಗುಚಿದ ತಳದ ಮೇಲೆ ಮೂರು ಪಟ್ಟೆ ಎಳೆದರು. ದಪ್ಪಗೆ, ಧಾರಾಳವಾಗಿ. ಬೆರಳಿನಲ್ಲಿ ಉಳಿದದ್ದನ್ನು ನನ್ನ ಹಣೆಗೆ ಎಳೆದರು. ಮನೆಯಲ್ಲಿ ಅವ್ವ ವಿಭೂತಿ ಹಿಡಿದು ಬಂದರೆ ತಲೆ ತಪ್ಪಿಸಿಕೊಳ್ಳುವವನು ನಾನು. ಅವತ್ತು ನೆಟ್ಟಗೆ ಕೂತಿದ್ದೆ.

"ನಡೀರಿ, ಬಣ್ಣ ಹಚ್ಚಣ," ಎಂದು ಅವರು ಒಳಗೆ ಹೋದರು. ರಂಗಣ್ಣ ಡಬ್ಬವನ್ನು ಮತ್ತೆ ಬಗಲಿಗೆ ಸೇರಿಸಿದ.

ನಾಟಕ ಎಂದರೆ ನಮ್ಮ ಕಡೆ ಹಾಡು. ದಕ್ಷ ಹಾಡಿದ, ದಾಕ್ಷಾಯಿಣಿ ಹಾಡಿದಳು, ಬೆಂಕಿಗೆ ಬೀಳುವ ಮೊದಲು ಇನ್ನೊಂದು ಹಾಡಿದಳು. ಆ ಹಾಡಿಗೆ ಜನ 'ಒನ್ಸ್ ಮೋರ್' ಎಂದು ಕೂಗಿ ಅವಳನ್ನು ಬೆಂಕಿಯಿಂದ ಎಬ್ಬಿಸಿ ಮತ್ತೆ ಹಾಡಿಸಿದರು. ಕೊನೆಗೂ ಶಿವ ಎದ್ದ. ಹಾರ್ಮೋನಿಯಂ ಮೇಲೇರತೊಡಗಿತು. ಲೈಟು ಆರಿತು. ಮೈಕು ಆಫ್ ಆಯಿತು. ಶಿವ ತಲೆಗೆ ಕೈ ಹಾಕಿ ಜಟೆ ಕಿತ್ತು ಬಂಡೆಗೆ ಬೀಸಿದ.

ಗುಂಡಿ ತಿರುಗಿಸಿದೆ.

ಮೊದಲು ಏನೂ ಇಲ್ಲ. ಬೋಸಿಯ ತುದಿಯಲ್ಲಿ ಸಣ್ಣದೊಂದು ಸುಯ್ಯೆನ್ನುವ ಸದ್ದು. ಇನ್ನಷ್ಟು ತಿರುಗಿಸಿದೆ. ಬೆರಳುದ್ದದ ಒಂದು ನೇರಳೆ ಎಳೆ ಬಂಡೆಯ ಮೇಲೆ ತಲೆಯೆತ್ತಿ ನೋಡಿತು. ಅದಕ್ಕೊಂದು ತಂಗಿ. ಈಗ ಬರುವುದು ಆ ಗುಳಿ ಬಿದ್ದಿದ್ದ ಜಾಗ, ಕಾರ್ಬನ್ನು ಎಡವುವ ಜಾಗ. ಹಲ್ಲು ಕಚ್ಚಿ ತಿರುಗಿಸಿದೆ. ಎಡವಲಿಲ್ಲ. ಬ್ಯಾಟರಿ ಶೆಲ್ಲಿನ ಕಡ್ಡಿ ಬೆಣ್ಣೆಯ ಮೇಲೆ ನಡೆದ ಹಾಗೆ ದಾಟಿ ಹೋಯಿತು. ಎಳೆಗಳು ಗೇಣುದ್ದ ಆದವು, ಮೊಳದುದ್ದ ಆದವು, ಕವಲಿಗೆ ಕವಲು ಹುಟ್ಟಿ ಹೊರಳಾಡಿದವು. ಬಂಡೆಯ ಮೇಲೆ ಶಿವನ ಜಟೆ ಉರಿಯುತ್ತ ಬೆಳೆಯುತ್ತಿತ್ತು. ಅದರ ಅಬ್ಬರಕ್ಕೆ ತಬಲ ಕೇಳಿಸಲಿಲ್ಲ. ಆ ಬೆಳಕಿನಲ್ಲಿ ಸಭೆಯ ಮುಖಗಳೆಲ್ಲ ಒಂದೇ ಸಲ ಕಂಡವು, ಎಲ್ಲರ ಬಾಯಿಯೂ ತೆರೆದಿತ್ತು. 'ನಿಲ್ಲಿಸು' ಎನ್ನಲು ಯಾರೂ ಬಾಯಿ ತೆರೆದಿರಲಿಲ್ಲ.

ಬಂಡೆಯ ಮುಂದೆ ಪರಮಶಿವಯ್ಯನವರು ಕತ್ತಿ ಎತ್ತಿ ಎದ್ದರು. "ಎಲವೋ ದಕ್ಷಾ!"

ಗುಂಡಿ ಸೊನ್ನೆಗೆ ತಂದೆ. ಕತ್ತಲೆ. ಆಮೇಲೆ ಚಾವಣಿ ಹಾರುವ ಹಾಗೆ ಶಿಳ್ಳೆ, ಚಪ್ಪಾಳೆ. ಹಿಂದಿನ ಸಾಲಿನಿಂದ ಯಾವನೋ ಪುಣ್ಯಾತ್ಮ ಕೂಗಿದ:

"ಒನ್ಸ್ ಮೋರ್!"

"ಒನ್ಸ್ ಮೋರ್! ಒನ್ಸ್ ಮೋರ್!" ಇಡೀ ಭವನ ಹಿಡಿದುಕೊಂಡಿತು. ಹಾಡಿಗೆ ಕೇಳುವುದು ಉಂಟು. ದೇವರು ಇನ್ನೊಂದು ಸಲ ಹುಟ್ಟಲಿ ಎಂದು ಕೇಳಿದ್ದು ಅದೇ ಮೊದಲಿರಬೇಕು. ಹಾರ್ಮೋನಿಯಂ ಮೇಷ್ಟ್ರು ಕಣ್ಣಲ್ಲೇ ನನ್ನನ್ನು ಕೇಳಿದರು. ಬುಟ್ಟಿಯ ಮೇಲೆ ಕೈ ಇಟ್ಟು ನೋಡಿದೆ. ಉಗುರು ಬೆಚ್ಚಗಿತ್ತು, ಅಷ್ಟೇ. ಮೂರು ಪಟ್ಟೆ ಹಾಗೆಯೇ ಇತ್ತು. ಆಗಲಿ ಎಂದು ತಲೆಯಾಡಿಸಿದೆ.

"ಲೇ ಪ್ರಭು," ಎಂದು ರಂಗಣ್ಣ ಕಿವಿಯ ಹತ್ತಿರ ಬಂದ. ಬಗಲಲ್ಲಿ ಡಬ್ಬ ಇರಲಿಲ್ಲ. "ಮುಂದಿನದು ಮಾರ್ಕೋನಹಳ್ಳಿ ಡ್ಯಾಮ್ ಹತ್ರ ಕಣೋ. ಬಯಲಲ್ಲಿ. ಅಲ್ಲಿಗೆ ಇನ್ನೂ ಉದ್ದ ಬರ್ತದಾ ಜಟೆ?"

ಉತ್ತರ ಹೇಳುವುದರೊಳಗೆ ವೀರಭದ್ರ, ಕೆಂಪು ಬಣ್ಣ ಬೆವರಿಗೆ ಇಳಿಯುತ್ತಿದ್ದ ಮುಖ ಹೊತ್ತು, ಮತ್ತೆ ಹುಟ್ಟುವುದಕ್ಕೆಂದು ಕತ್ತಲಲ್ಲಿ ಬಂಡೆಯ ಬಳಿಗೆ ಬಂದರು. ಜಾಗಕ್ಕೆ ಹೋಗಿ ಕೂರಲಿಲ್ಲ. ನನ್ನ ಪಕ್ಕ ಬಗ್ಗಿದರು.

"ಮಗ, ನಾನು ಜನದ ಕಡೆ ಮುಖ ಮಾಡಿದ್ನಲ್ಲ, ನಿನ್ ಜಟೆ ನಂಗೇ ಕಾಣ್ಲಿಲ್ಲ. ಈ ಸಲ ಒಂಚೂರು ಓರೆಯಾಗಿ ಕೂರ್ತೀನಿ." ಆ ದೊಡ್ಡ ದನಿ ಪಿಸುಮಾತಿಗೆ ಇಳಿದಿತ್ತು. "ನಿಧಾನಕ್ಕೆ ತಿರುಗ್ಸು."

ಹಾರ್ಮೋನಿಯಂ ಮತ್ತೆ ಏರತೊಡಗಿತು. ನಾನು ಗುಂಡಿಯ ಮೇಲೆ ಕೈ ಇಟ್ಟೆ, ತುಂಬ ನಿಧಾನಕ್ಕೆ.